ಟೈಲರಕ್ಕನ ಗಂಟಲು

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಅಂತಲೇ ಕರೆಯೋದು. ಬಸ್ ಓಡಿಸುವ ಗಂಡ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಹಿಂದಿನ ಕೋಣೆಯಲ್ಲಿ ಸಂಸಾರ. ಬೇರೆಯವರು ಕೆಡಿಸಿಟ್ಟ ಬಟ್ಟೆಯೂ ಅವಳ ಕೈಗೆ ಬಂದರೆ ತೆಪ್ಪಗೆ ಮೈಗೆ ಹೊಂದಿಕೊಳ್ಳುತ್ತಿತ್ತು. ಬಾಯಿ ಮಾತ್ರ ಜೋರು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ನನ್ನ ಹತ್ರ ಬಚ್ಚಿಟ್ಟು ಏನು ಮಾಡ್ತೀರಿ, ನಾಳೆ ಗುಂಡಿ ಕಿತ್ಕೊಂಡು ಬಂದ್ರೆ ನನ್ನನ್ನೇ ಬೈತೀರಿ" ಅನ್ನುವಳು. ಅದನ್ನೂ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಹೇಳುವಳು. ಆ ಅಭ್ಯಾಸ ಬಿಡು ಅಂತ ಗಂಡ ಎಷ್ಟು ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಬಟ್ಟೆ ಹಿಡಿದವರು ಸೂಜಿಯನ್ನು ಇನ್ನೆಲ್ಲಿ ಇಡಬೇಕು, ನೀವೇ ಹೇಳಿ.

ಒಂದು ಮಧ್ಯಾಹ್ನ ಇಬ್ಬರೂ ಊಟ ಮುಗಿಸಿದ್ದರು. ಗಂಡ ಅಲ್ಲೇ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ಇವಳು ಕೈ ತೊಳೆದವಳೇ ಸೂಜಿ ಕಚ್ಚಿಕೊಂಡು, ನೆಲದ ಮೇಲೆ ಹರಡಿದ್ದ ಪರದೆಯ ಅಂಚು ಮಡಚಲು ಬಗ್ಗಿದಳು. ಗಂಟಲಿಗೆ ಹುಳಿನೀರು ಉಕ್ಕಿ ಬಂತು. ಕೆಮ್ಮಬೇಕು ಅನ್ನಿಸಿತು, ಅಷ್ಟೇ. ಗಂಟಲು ಗಪ್ಪನೆ ಮುಚ್ಚಿಕೊಂಡಿತು. ಎಳೆದರೆ ಗಾಳಿ ಬರುತ್ತಿಲ್ಲ. ಎಲ್ಲೋ ಕೀಚಲು ಸದ್ದು ಕೇಳಿಸಿತು. ಅದು ತನ್ನ ಗಂಟಲಿನದೇ ಅಂತ ಆಮೇಲೆ ತಿಳಿಯಿತು.

ಗಂಡ ತಲೆಯೆತ್ತಿ ನೋಡಿದ. ಸೂಜಿಗಳು ನೆಲದ ತುಂಬ ಚೆಲ್ಲಿವೆ, ಹೆಂಡತಿ ಗಂಟಲು ಹಿಡಿದುಕೊಂಡು ಕಣ್ಣು ಬಿಡುತ್ತಿದ್ದಾಳೆ. ಇಬ್ಬರಿಗೂ ಹೊಳೆದದ್ದು ಒಂದೇ, ಸೂಜಿ ಒಳಗೆ ಹೋಗಿದೆ. ಅವನು ಬೆನ್ನಿಗೆ ಗುದ್ದಿದ, ಬಾಯೊಳಗೆ ಬೆರಳು ತುರುಕಿ ತಡಕಾಡಿದ. ಅವಳು ಇನ್ನಷ್ಟು ಬಿಗಿದುಕೊಂಡಳು. ಕಣ್ಣಿಗೆ ಕತ್ತಲೆ ಕವಿಯುವ ಹೊತ್ತಿಗೆ ಗಂಟಲು ತಾನಾಗಿಯೇ ಬಿಟ್ಟಿತು.

"ನುಂಗಿಬಿಟ್ಟೆ ಕಣ್ರೀ" ಅಂದಳು. ಆಮೇಲೆ ಆಸ್ಪತ್ರೆ ತಲುಪುವವರೆಗೂ ಕತ್ತು ಅಲ್ಲಾಡಿಸಲಿಲ್ಲ. ಅಲ್ಲಾಡಿಸಿದರೆ ಚುಚ್ಚುತ್ತದೆ ಅಂತ ಭಯ.

ಎಕ್ಸ್‌ರೇಯಲ್ಲಿ ಸೂಜಿಯೂ ಇಲ್ಲ, ಗೀಜಿಯೂ ಇಲ್ಲ. ಬೇರೆಯವರಾಗಿದ್ದರೆ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಿದ್ದರು. ಇವಳು ನಂಬಬೇಕಲ್ಲ. "ಸಣ್ಣ ಸೂಜಿ, ಫೋಟೋದಲ್ಲಿ ಬಿದ್ದಿಲ್ಲ" ಅಂತ ಒಂದೇ ಹಟ. ಕೊನೆಗೆ ಗಂಟಲಿನ ಡಾಕ್ಟರಮ್ಮ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯಲ್ಲಿ ತೋರಿಸಿದರು. ಒದ್ದೆಯಾದ ಎರಡು ಬಿಳಿ ಪಟ್ಟಿಗಳು ತೆರೆದುಕೊಂಡು, ಮುಚ್ಚಿಕೊಂಡು ಆಡುತ್ತಿದ್ದವು.

"ಇದು ನಿಮ್ಮ ಧ್ವನಿಪೆಟ್ಟಿಗೆ. ಹೊಟ್ಟೆಯ ಹುಳಿ ಮೇಲೆ ಬಂದು ತಾಕಿದೆ. ಶ್ವಾಸನಾಳಕ್ಕೆ ಏನೋ ನುಗ್ತಾ ಇದೆ ಅಂತ ಈ ಪಟ್ಟಿಗಳು ಆಗ ಬಿಗಿಯಾಗಿ ಮುಚ್ಚಿಕೊಂಡಿದ್ವು. ಸ್ವಲ್ಪ ಹೊತ್ತಿಗೆ ತಾವೇ ಸಡಿಲ ಆಗ್ತವೆ. ಮಾತ್ರೆ ಕೊಡ್ತೀನಿ, ಉಂಡ ತಕ್ಷಣ ಬಗ್ಗಿ ಕೆಲಸ ಮಾಡಬೇಡಿ. ಮತ್ತೆ ಹಾಗಾದ್ರೆ ಬಾಯಿಂದ ಗಬಗಬ ಉಸಿರು ಎಳೀಬೇಡಿ. ಮೂಗಿನಿಂದ ಮೆಲ್ಲಗೆ, ಹೂವು ಮೂಸೋ ಹಾಗೆ. ತುಟಿ ಕಿರಿದು ಮಾಡಿ ಊದಿಬಿಡಿ. ಸಡಿಲ ಆಗದೇ ಇದ್ರೆ, ತುಟಿ ನೀಲಿ ಆದ್ರೆ, ಒಂದು ಕ್ಷಣ ಕಾಯದೆ ಇಲ್ಲಿಗೆ ಬನ್ನಿ." ಆಮೇಲೆ ಗಂಡನ ಕಡೆ ತಿರುಗಿ, "ನೀವು ದಯವಿಟ್ಟು ಬಾಯಿಗೆ ಬೆರಳು ಹಾಕಬೇಡಿ" ಅಂದರು.

"ಅಂದ್ರೆ ಕಳ್ಳ ಯಾರೂ ಬಂದಿಲ್ಲ, ಕಾವಲಿನವನೇ ಹೆದರಿ ಬಾಗಿಲು ಹಾಕ್ಕೊಂಡ ಅನ್ನಿ" ಅಂದ ಗಂಡ. ಡಾಕ್ಟರಮ್ಮ ನಕ್ಕರು. ಅವಳಿಗೆ ನಗು ಬರಲಿಲ್ಲ.

ತಿಳುವಳಿಕೆ ಬಂತು, ನಿಜ. ಭಯ ಎಲ್ಲಿಗೆ ಹೋಗಬೇಕು? ಊಟ ಅರ್ಧಕ್ಕರ್ಧ ಆಯಿತು. ತುತ್ತು ತುತ್ತಿಗೂ ಒಂದು ಕೈ ಗಂಟಲ ಮೇಲೆ. ಮಾತ್ರೆಯನ್ನು ದೇವರ ಪ್ರಸಾದದಂತೆ ತಪ್ಪದೆ ನುಂಗಿದಳು. ಗಿರಾಕಿಗಳನ್ನು ರೇಗಿಸುವುದು ನಿಂತೇಹೋಯಿತು, ಟೈಲರಕ್ಕನಿಗೆ ಯಾಕೋ ಸೊಕ್ಕು ಬಂದಿದೆ ಅಂತ ಒಬ್ಬಳು ಆಡಿಕೊಂಡಳಂತೆ. ಅವಳು ಮಾತೆತ್ತಿದರೆ ಗಂಡ, "ಏನೂ ಆಗಲ್ಲ ಅಂತ ಡಾಕ್ಟರೇ ಹೇಳಿದ್ದಾರೆ, ಸುಮ್ನೆ ತಲೆ ಕೆಡಿಸ್ಕೋಬೇಡ" ಅನ್ನುವನು. ಹೇಳುವುದಕ್ಕೇನು, ಮುಚ್ಚಿಕೊಂಡದ್ದು ಅವನ ಗಂಟಲಲ್ಲವಲ್ಲ.

ಅವನಿಗೆ ರಜೆಯಿದ್ದ ಒಂದು ಬೆಳಗ್ಗೆ ಮತ್ತೆ ಬಂತು. ಅವಳು ಮೆಷಿನ್ ಮುಂದೆ, ಒಳಬಾಗಿಲಿಗೆ ಬೆನ್ನು ಹಾಕಿ, ಕಿಟಕಿಯ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವನು ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ರೇಡಿಯೋ ಕೇಳುತ್ತಿದ್ದ. ಅದೇ ಹುಳಿ, ಅದೇ ಬಿಗಿತ. ಬಾಯಿ ತೆರೆದಳು, ಸದ್ದಿಲ್ಲ. ಎದ್ದು ಹೋಗೋಣವೆಂದರೆ ಕಾಲಲ್ಲಿ ಬಲವಿಲ್ಲ. ರೇಡಿಯೋದಲ್ಲಿ ಯಾರೋ ಏನೋ ಚಟಾಕಿ ಹಾರಿಸಿದರು, ಗಂಡ ಗಹಗಹಿಸಿ ನಕ್ಕ. ಮೇಜಿನ ಅಂಚನ್ನು ಹಿಡಿದ ಬೆರಳು ಮರಗಟ್ಟಿತು. ಇವತ್ತು ಮುಗೀತು ಅಂದುಕೊಂಡಳು.

ಮೂಗು. ಮೆಲ್ಲಗೆ. ಎಳೆದರೆ ಏನೂ ಇಲ್ಲ. ಮತ್ತೆ ಎಳೆದಳು. ನೂಲಿನಷ್ಟು ಗಾಳಿ ಒಳಗೆ ಬಂತು. ತುಟಿ ಕಿರಿದು ಮಾಡಿ ಊದಿದಳು. ಮತ್ತೆ ಮೂಗು, ಮತ್ತೆ ತುಟಿ. ಬೆವರು ಕಣ್ಣಿಗಿಳಿಯಿತು. ಬಿಗಿತ ಕೊಂಚ ಕೊಂಚವಾಗಿ ಸಡಿಲವಾಯಿತು.

"ಲೇ, ಟೀ ಮಾಡ್ತೀಯಾ?" ಅಂತ ಒಳಗಿಂದ ಕೂಗಿದ.

ಅವಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಮತ್ತೆ ಬಂದಿತ್ತು."

"ಯಾವಾಗ?"

"ಈಗ. ನೀವು ನಗ್ತಾ ಇದ್ರಲ್ಲ, ಆಗ."

ಅವನ ಮುಖ ಬಿಳಿಚಿಕೊಂಡಿತು. "ಕರೀಬಾರದಿತ್ತಾ?" ಅಂದ. ಅಂದಮೇಲೆ ತಾನು ಕೇಳಿದ್ದು ಏನು ಅಂತ ಅವನಿಗೇ ತಿಳಿಯಿತು.

"ಸಾಯ್ತೀನಿ ಅಂತ ಅಷ್ಟು ಭಯ ಇಲ್ಲ ಕಣ್ರೀ" ಅಂದಳು, ಧ್ವನಿ ಇನ್ನೂ ಒಡೆದಿತ್ತು. "ನೀವು ಇಲ್ಲೇ ಇರ್ತೀರಿ, ನಿಮಗೆ ಗೊತ್ತೇ ಆಗಲ್ಲ. ಅದು ಭಯ."

ಅವನು ರೇಡಿಯೋ ಆರಿಸಿದ. ಅವಳನ್ನು ಮಂಚದ ಮೇಲೆ ಕೂರಿಸಿ, ಮುಂದಿನ ಕೋಣೆಗೆ ಹೋಗಿ, ಆ ಭಾರದ ಮೆಷಿನ್ನನ್ನು ಕರಕರ ಎಳೆದು ಪೂರ್ತಿ ತಿರುಗಿಸಿಟ್ಟ. ಈಗ ಹೊಲಿಯುವಾಗ ಅವಳ ಮುಖ ಒಳಬಾಗಿಲಿನಿಂದ ಮಂಚಕ್ಕೆ ನೇರ ಕಾಣುತ್ತದೆ. ಕಿಟಕಿಯ ಬೆಳಕು ಬೆನ್ನಿಗೆ ಬಿದ್ದು, ಹೊಲಿಗೆಯ ಮೇಲೆಲ್ಲ ಅವಳದೇ ನೆರಳು. ಕಣ್ಣು ನೋಯುತ್ತೆ ಅಂತ ದಿನಾ ಗೊಣಗುತ್ತಾಳೆ. ಮೊದಲಿನ ಹಾಗೆ ಇಡಿ ಅಂತ ಮಾತ್ರ ಒಂದು ದಿನವೂ ಅಂದಿಲ್ಲ.