ಕಿಟಕಿ ಕಿಟಕಿಗೂ ಹೂವು, ಜೊತೆಗೆ ರೈಲಿನ ಸುದ್ದಿ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇನ್ನೂ ಮಬ್ಬುಗತ್ತಲೆ. ಯಾಸೀನ್ ತನ್ನ ಎಸ್‌ಟಿಡಿ ಬೂತಿನ ಬಾಗಿಲು ಅರ್ಧ ತೆಗೆಯುವಷ್ಟರಲ್ಲೇ ಹೂವಿನ ಬುಟ್ಟಿ ಹೊತ್ತ ಬೋರಮ್ಮ ಹಾಜರ್. ‘ತಿಪ್ಟೂರ್ ಟೇಸನ್‌ಗೆ ಒಂದ್ ಫೋನ್ ಮಾಡಪ್ಪ. ರಾತ್ರಿ ಹುಬ್ಳಿ ರೈಲು ಐತೋ ಇಲ್ವೋ ಕೇಳು.’ ವಿಚಾರಿಸಿದ ಯಾಸೀನ್ ಇಲ್ಲವೆಂದು ತಲೆ ಅಲ್ಲಾಡಿಸುತ್ತಾನೆ. ಹಳಿ ಕೆಲಸವಂತೆ, ಈ ತಿಂಗಳಲ್ಲಿ ರೈಲಿಲ್ಲದ ಒಂಬತ್ತನೇ ರಾತ್ರಿ ಇದು.

ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯಿಂದ ತಿಪಟೂರಿಗೆ ಹೋಗುವವರು ಇಲ್ಲಿ ಹಾದೇ ಹೋಗಬೇಕು. ದಿನಕ್ಕೆ ಐವತ್ತು ಬಸ್ಸುಗಳ ಕಿಟಕಿಗೆ ಕೈಯೆತ್ತಿ ನೂರು ಮೊಳ ಕನಕಾಂಬರ ಮಾರುವ ಬೋರಮ್ಮನ ಕಣ್ಣು, ಇಂಥ ದಿನ ಸಂಜೆಯಾದರೆ ಹೊದಿಕೆ ಸುತ್ತಿದ ಗಂಟು, ಚೀಲಕ್ಕೆ ಬಿಗಿಯುವ ಸರಪಳಿ ಬೀಗಗಳನ್ನು ಹುಡುಕುತ್ತದೆ. ರಾತ್ರಿ ರೈಲಿನ ಸ್ಲೀಪರಿನಲ್ಲಿ ಮಲಗಿ ಹೋಗುವವರ ಗುರುತು ಅದೇ. ‘ಮುಂದಕ್ಕೋಗ್ಬ್ಯಾಡ್ರೀ, ರೈಲಿಲ್ಲ. ಇಲ್ಲೇ ಇಳ್ಕಳಿ, ಎಂಟೂವರೆಗೆ ಹುಬ್ಳಿ ಬಸ್ ಬತ್ತದೆ.’ ಹೂ ಮಾರೋಳಿಗೇನು ಗೊತ್ತು ಎಂದು ರೇಗುವವರೂ ಉಂಟು. ರೇಗಲಿ, ಬೋರಮ್ಮ ಜಗ್ಗುವವರಲ್ಲ!

ಏಳು ವರ್ಷದ ಹಿಂದಿನ ಮಾತು. ಹುಬ್ಬಳ್ಳಿಯ ಮಂಡಿಗೆ ಹಮಾಲಿಗೆ ಹೋಗಿದ್ದ ಗಂಡ ಕೆಂಚಯ್ಯ ಆಸ್ಪತ್ರೆ ಸೇರಿದ ಸುದ್ದಿ ಬಂತು. ಬೋರಮ್ಮ ತಿಪಟೂರು ನಿಲ್ದಾಣಕ್ಕೆ ಓಡಿ ಬೆಳಗಿನವರೆಗೂ ಕಾದರು. ರೈಲು ರದ್ದೆಂದು ಹಲಗೆಯ ಮೇಲೆ ಬರೆದೇ ಇತ್ತು. ಇವರಿಗೆ ಓದು ಬಾರದು, ಯಾರನ್ನಾದರೂ ಕೇಳಲು ನಾಚಿಕೆ. ‘ಬೋರ್ಡಿನ ಕೆಳ್ಗೇ ಕುಂತಿದ್ದೆ ಕಣ್ರೀ. ಮಾರನೇ ದಿನ ಹೋಗೋ ಹೊತ್ಗೆ ಉಸ್ರು ನಿಂತೋಗಿತ್ತು. ಬಾಯಿಗೆ ಒಂದ್ ತೊಟ್ಟು ನೀರು ಬುಡಕ್ಕಾಗ್ಲಿಲ್ಲ.’ ಹೇಳುವಾಗ ಹೂ ಕಟ್ಟುವ ಕೈ ನಿಂತುಬಿಡುತ್ತದೆ.

ಕಳೆದ ತಿಂಗಳು ತುರುವೇಕೆರೆ ಬಸ್ಸಿನಲ್ಲಿ ಸುವರ್ಣಮ್ಮ ಎಂಬ ಹೆಣ್ಣುಮಗಳು ಬಂದಿದ್ದರು. ತಂದೆ ಹುಬ್ಬಳ್ಳಿಯಲ್ಲಿ ಕೊನೆಯುಸಿರು ಹಿಡಿದುಕೊಂಡಿದ್ದಾರೆ; ರೈಲಿಲ್ಲವೆಂದರೆ ನಂಬಲೊಲ್ಲರು. ಬೋರಮ್ಮ ಮಾತಾಡುತ್ತಾ ನಿಲ್ಲಲಿಲ್ಲ. ಅವರ ಗಂಟನ್ನೇ ಕಿಟಕಿಯಿಂದ ಎಳೆದುಕೊಂಡು, ಅವರನ್ನೂ ಕೆಳಗಿಳಿಸಿ, ಹುಬ್ಬಳ್ಳಿ ಬಸ್ಸು ಹತ್ತಿಸಿದರು. ಹದಿನೈದು ದಿನ ಕಳೆದ ಮೇಲೆ ಸುವರ್ಣಮ್ಮ ಹುಡುಕಿಕೊಂಡು ಬಂದು ಕೈ ಹಿಡಿದರಂತೆ. ‘ಅಪ್ಪ ಹೋಗ್ಬುಟ್ರು ಕಣಕ್ಕ. ನಾನು ಹೋದ್ಮೇಲೆ ಒಂದ್ ಗಂಟೆ ಇದ್ರು. ನನ್ ಕೈಯಾರೆ ನೀರು ಕುಡುದ್ರು.’

ಇಬ್ಬರೂ ರಸ್ತೆ ಬದಿಯಲ್ಲೇ ಕುಳಿತು ಅತ್ತರು. ಅಂದು ಎರಡು ಬಸ್ಸಿಗೆ ಹೂ ಮಾರಲಿಲ್ಲ ಎಂದು ಯಾಸೀನ್ ನೆನೆಯುತ್ತಾನೆ.

‘ಮನೆಗೋಗಿ ನಮ್ ಯಜಮಾನ್ರ ಫೋಟೋ ಮುಂದೆ ನಿಂತ್ಕಂಡು ಹೇಳ್ದೆ’ ಎನ್ನುತ್ತಾರೆ ಬೋರಮ್ಮ. ‘ನಿಮ್ಗೆ ಆಗ್ಲಿಲ್ಲ, ಇನ್ನೊಬ್ರಿಗೆ ಆಯ್ತು, ಬೇಜಾರ್ ಮಾಡ್ಕಬ್ಯಾಡಿ ಅಂತ.’