ಹದಿನೈದು ದಿನ ಮುಂಚೆ ಬಂದ ಆಷಾಢ

ನಮ್ಮತ್ತೆಯ ಎರಡೂ ಕೆನ್ನೆಯಲ್ಲಿ ಹಳೆಯ ಮೊಡವೆಯ ಗುಳಿಗಳಿದ್ದವು. ಪೌಡರ್ ಹಚ್ಚಿದರೆ ಗುಳಿಗಳಲ್ಲೇ ಕೂರುತ್ತಿತ್ತು. ನನ್ನನ್ನು ನೋಡಲು ನಂಜನಗೂಡಿಗೆ ಬಂದ ದಿನವೇ, ‘ನಂದು ದ್ವಾಸೆ ಮುಖ ಕಣವ್ವ, ನಿಂದು ಇಡ್ಲಿ’ ಎಂದು ಎಲ್ಲರನ್ನೂ ನಗಿಸಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ಆ ಇಡ್ಲಿ ಮುಖ ಮಾತ್ರೆಯದು.

ಮುಲಾಮುಗಳಿಗೆ ಜಗ್ಗದ ನನ್ನ ಕೀವುಮೊಡವೆಗೆ ಮೈಸೂರಿನ ಚರ್ಮದ ಡಾಕ್ಟರು ಜೋರು ಮಾತ್ರೆ ಬರೆದಿದ್ದರು. ತುಟಿ ಒಡೆಯಿತು, ಕಣ್ಣು ಒಣಗಿತು, ಮೊಡವೆಯೂ ಹೋಯಿತು. ‘ಇದನ್ನು ಬಿಟ್ಟ ಮೇಲೂ ಒಂದು ತಿಂಗಳು ಬಸುರಿಯಾಗಕೂಡದು, ಮಗುವಿಗೆ ಊನವಾದೀತು. ಮದುವೆ ಗೊತ್ತಾದರೆ ಮೊದಲು ನನಗೆ ಹೇಳಮ್ಮ’ ಎಂದಿದ್ದರು. ಗೊತ್ತಾಯಿತು, ಹೇಳಲಿಲ್ಲ. ಫೋಟೋದಲ್ಲಿ ಮುಖ ಚೆನ್ನಾಗಿರಲೆಂದು ಧಾರೆಯ ಬೆಳಿಗ್ಗೆಯೂ ಒಂದು ನುಂಗಿದೆ. ಎಂಥ ದಡ್ಡಿ ನಾನು!

ಮದುವೆ ಮುಗಿಸಿ ಮುಡುಕುತೊರೆ ಹತ್ತಿರದ ಅತ್ತೆಯ ಮನೆಗೆ ಬಂದೆ. ನಾಡಿದ್ದೇ ಪ್ರಸ್ತ, ಮೊದಲ ರಾತ್ರಿ. ಹೇಳಿದರೆ ಮೋಸ ಮಾಡಿದಳು ಅನ್ನುತ್ತಾರೆ, ಸುಮ್ಮನಿದ್ದರೆ ಮಗುವಿನ ಗತಿ? ಗಂಡನ ಮುಖವನ್ನೇ ಇನ್ನೂ ಸರಿಯಾಗಿ ನೋಡಿರಲಿಲ್ಲ. ನೆಂಟರು ತುಂಬಿದ ಮನೆಯಲ್ಲಿ ಅಳುವುದಕ್ಕೂ ಬಚ್ಚಲೊಂದೇ ಜಾಗ.

ಮಧ್ಯಾಹ್ನ ನನ್ನ ಸೀರೆಗಳನ್ನು ಬೀರುವಿಗಿಡುತ್ತಿದ್ದ ಅತ್ತೆಗೆ ಮಾತ್ರೆಯ ಡಬ್ಬಿ ಸಿಕ್ಕಿತು. ಅವರಿಗೆ ಓದು ಬಾರದು. ಆದರೆ ಅದರ ಮೇಲೆ ಬಸುರಿಯ ಚಿತ್ರವಿತ್ತು, ಚಿತ್ರಕ್ಕೊಂದು ಅಡ್ಡಗೀಟು.

‘ಮಕ್ಳು ಬ್ಯಾಡ್ವಾ ನಿಂಗೆ?’

ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆ ತಮ್ಮ ಕೆನ್ನೆ ಸವರಿಕೊಂಡರು. ‘ಈ ಮುಖಕ್ಕೆ ನಾನೇನೇನ್ ಬಳ್ಕಂಡಿದ್ದೆ ಅಂತ ನಂಗೇ ಗೊತ್ತು. ಏಳು, ಮುಖ ತೊಳ್ಕೊ.’

ಹೊರಗೆ ಹೋಗಿ ನೆಂಟರ ಮುಂದೆ ಹೇಳಿದರು: ‘ಪ್ರಸ್ತ ಆಷಾಢ ಕಳದ್ಮ್ಯಾಲೆ. ಸೊಸೆ ನಾಳೀಕೆ ತವರಿಗೋಯ್ತಳೆ.’

‘ಆಷಾಢಕ್ಕಿನ್ನೂ ಹದಿನೈದು ದಿನ ಅದಲ್ಲಮ್ಮಿ!’ ಎಂದರು ಮಾವ.

‘ನಮ್ಮನೇಗೆ ಬಂದದೆ ಕಣ್ರೀ. ನಂದೊಂದು ಅರಕೆ.’

ಬಸ್ಸು ಹತ್ತಿಸಲು ಬಂದ ಗಂಡ, ‘ಮಾತ್ರೆ ನಿಲ್ಸಿದ್ದೀಯ ತಾನೆ?’ ಎಂದಷ್ಟೇ ಕೇಳಿದರು. ಅತ್ತೆ ಹೇಳಿದ್ದು ಅವರೊಬ್ಬರಿಗೆ. ಹೊಸ ಸೊಸೆಯನ್ನು ಓಡಿಸಿದ ಘಾಟಿ ಹೆಂಗಸು ಎಂದು ಊರು ಆಡಿಕೊಂಡಿತು. ಅತ್ತೆ ಆಡಿಕೊಳ್ಳಲಿ ಎಂದು ಬಿಟ್ಟರು.

ಹೋದ ವರ್ಷ ಅತ್ತೆ ಮುತ್ತೈದೆಯಾಗಿಯೇ ಹೋದರು. ಕಡೆಯ ಸ್ನಾನವಾದ ಮೇಲೆ ನಾನೇ ಕೆನ್ನೆಗೆ ಅರಿಸಿನ ಹಚ್ಚಿದೆ. ಅದೂ ಗುಳಿಗಳಲ್ಲೇ ಕೂತಿತು. ಯಾರೋ ಸೆರಗಿನಿಂದ ಒರೆಸಿ ಸಮ ಮಾಡಲು ಬಂದರು. ಪಕ್ಕದಲ್ಲಿ ನನ್ನ ಮಗಳು ಬಿಕ್ಕುತ್ತಿದ್ದಳು, ಅವಳ ಹಣೆಯಲ್ಲೂ ಈಗ ಎರಡು ಮೊಡವೆ.

‘ಒರಸ್ಬೇಡಿ,’ ಎಂದೆ. ‘ನಮ್ಮತ್ತೆ ಮುಖ ಇರೋದೇ ಹೀಗೆ.’