ತವರಿನ ಹೆಸರಿಗೆ ಬಂದ ಕಾರ್ಡುಗಳು

ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ನಮ್ಮ ಮನೆಗೆ ದೇವರ ಕಾರ್ಡುಗಳ ಕಾಟ ಶುರುವಾಯಿತು. ಆಗ ಅಂಥ ಕಾರ್ಡು ಬಾರದ ಮನೆಯೇ ಇರಲಿಲ್ಲವೆನ್ನಿ. ಓದಿದವರು ಹನ್ನೊಂದು ನಕಲು ಮಾಡಿ ಹನ್ನೊಂದು ಮನೆಗೆ ಕಳಿಸಬೇಕು, ಕಳಿಸಿದವನಿಗೆ ಲಾಟರಿ ಹತ್ತಿತು, ಕಳಿಸದವನ ಎತ್ತು ಸತ್ತಿತು ಎಂದು ಮರಾಠಿಯಲ್ಲಿ ಬರೆದಿರುತ್ತಿತ್ತು. ಬರೆದವರ ಹೆಸರು ಮಾತ್ರ ಇರುತ್ತಿರಲಿಲ್ಲ. ನನಗೆ ಬಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಬರುತ್ತಿದ್ದದ್ದು ನನ್ನ ನೆಗೆಣ್ಣಿಗೆ, ಅಂದರೆ ನನ್ನ ಮೈದುನನ ಹೆಂಡತಿಗೆ.

ಅವಳಿಗೆ ಅದಕ್ಕೂ ಮುಂಚೆ ಎರಡು ಸಲ ಬಸಿರು ಹೋಗಿತ್ತು. ಈ ಸಲ ಡಾಕ್ಟರು, ಮಲಗಿಯೇ ಇರಬೇಕು, ಬಸ್ಸು ಹತ್ತಲೇಬಾರದು ಎಂದು ಖಡಾಖಂಡಿತ ಹೇಳಿದ್ದರು. ಅವಳ ಕಾರ್ಡುಗಳಲ್ಲಿ ಲಾಟರಿಯೂ ಇರಲಿಲ್ಲ, ಎತ್ತೂ ಇರಲಿಲ್ಲ. ಬರೆದರೆ ಹೊಟ್ಟೆಯ ಫಲ ನಿಲ್ಲುತ್ತದೆ, ಬರೆಯದಿದ್ದರೆ ನಿಲ್ಲುವುದಿಲ್ಲ ಎಂದಿತ್ತು. ಅಷ್ಟು ಸಾಕಾಯಿತು. ಹುಡುಗಿ ಗೋಡೆಗಾತು ಕೂತು, ತೊಡೆಯ ಮೇಲೆ ಮಣೆ ಇಟ್ಟುಕೊಂಡು, ಬೆನ್ನು ನೋವೆಂದು ಅಳುತ್ತಲೇ ಬರೆಯುವಳು. ಮುಂದಿಟ್ಟ ಜೋಳದ ಭಕ್ಕರಿ ಒಣಗಿ ಹಪ್ಪಳವಾಗುತ್ತಿತ್ತು. ಅಡಿಗೆ, ಅಂಗಡಿಯ ಆಳುಗಳ ಬುತ್ತಿ, ಅವಳ ಔಷಧಿ ಎಲ್ಲ ನನ್ನ ತಲೆಯ ಮೇಲೆ. ಅದರ ಮೇಲೆ ಈ ದೇವರು ಬೇರೆ. ನನಗೆ ಸಾಕುಸಾಕಾಗಿ ಹೋಗಿತ್ತು. ಈ ಕೂಸೂ ಹೋದರೆ ಅವಳೂ ಉಳಿಯುವುದಿಲ್ಲ ಎಂಬ ಭಯ ಎದೆಯಲ್ಲೇ ಕೂತಿತ್ತು.

ಒಂದು ದಿನ ಪೋಸ್ಟಮನ್ನನ್ನು ಬಾಗಿಲಲ್ಲೇ ತಡೆದೆ.

“ಇಂಥಾ ಕಾರ್ಡ್ ವಾಪಸ್ ಒಯ್ಯಪ್ಪಾ, ನಮಗ ಬ್ಯಾಡ.”

“ದೇವರ ಹೆಸರೈತ್ರಿ ವೈನಿ. ತಿರಿಗಿ ಕಳಿಸಿದ್ರ ಪಾಪ ನನಗ ಹತ್ತತೈತಿ.”

ಕಡೆಗೆ, ನನ್ನ ಕೈಯಲ್ಲೇ ಕೊಡುತ್ತೇನೆಂದು ಒಪ್ಪಿದ. ಒಲೆಗೆ ಹಾಕಬೇಕೆಂದಿದ್ದೆ. ಕೈಗೆ ಬಂದಾಗ ನನಗೂ ಧೈರ್ಯವಾಗಲಿಲ್ಲ. ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ.

ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಸೈಕಲ್ ಗಂಟೆ ಕೇಳಿದರೆ ಸಾಕು, ಮಲಗಿದ್ದವಳು ಎದ್ದು ಮೆಟ್ಟಿಲಿಳಿದು ಬರುವಳು. “ದೇವರು ನನ್ನ ಕೈ ಬಿಟ್ಟಾನ್ರಿ ಅಕ್ಕಾ, ಕಾರ್ಡ್ ಬರೂದು ನಿಂತೈತಿ” ಎಂದು ಅನ್ನ ನೀರು ಬಿಟ್ಟಳು. ಬಂದರೂ ಕಾಟ, ನಿಂತರೂ ಕಾಟ.

ಇನ್ನು ಮೂಲವನ್ನೇ ಹಿಡಿಯಬೇಕೆಂದು ಡಬ್ಬಿಯಿಂದ ಕಾರ್ಡು ತೆಗೆದು ಬೆಳಕಿಗೆ ಹಿಡಿದೆ. ಎಲ್ಲದರ ಮೇಲೂ ಅವಳ ತವರೂರು ಅಕ್ಕಲಕೋಟದ ಅಂಚೆ ಶಿಕ್ಕಾ. ವಿಳಾಸದಲ್ಲಿ ಮನೆತನದ ಹೆಸರು ನಮ್ಮದೇ, ಅವಳ ಹೆಸರು ಮಾತ್ರ ತವರಿನದು. ನಮ್ಮಲ್ಲಿ ಮದುವೆಯ ದಿನ ಗಂಡ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಆಮೇಲೆ ಹಳೆಯದನ್ನು ಯಾರೂ ಎತ್ತುವುದಿಲ್ಲ, ಹೆತ್ತವಳೊಬ್ಬಳ ಹೊರತು. ಹೆದರಿದ ಹುಡುಗಿ ವಿಳಾಸ ಎಲ್ಲಿ ಓದುತ್ತಾಳೆ?

ಅತ್ತೆಗೆ ದೇವರ ದರ್ಶನವೆಂದು ಹೇಳಿ ಎಸ್‌ಟಿ ಬಸ್ಸು ಹತ್ತಿದೆ. ದಾರಿಯ ಕುಂಭಾರಿ ಊರು ದಾಟಿ ಅಕ್ಕಲಕೋಟ ಬರುವತನಕ ಬೈಗುಳ ಜೋಡಿಸಿಕೊಳ್ಳುತ್ತಲೇ ಇದ್ದೆ. ನೆಗೆಣ್ಣಿಯ ತಾಯಿ ವಿಧವೆ, ಒಬ್ಬಳೇ ಇರುವಾಕೆ. ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಕಾರ್ಡುಗಳನ್ನು ಅವಳ ಮುಂದೆ ಹಾಕಿದೆ. ಆಕೆ ಇಲ್ಲವೆನ್ನಲಿಲ್ಲ.

“ಗುಡಿ ಮುಂದ ಕೂಡೂ ಮಾಸ್ತರ ಕಡಿಂದ ಬರಸ್ತೀನ್ರಿ ಬಾಯಿ. ಆಕಿ ಬರದಷ್ಟೂ ಆಕಿಗೆ ಪುಣ್ಯ ಕೂಡತೈತಂತ. ನನ್ನ ಕೈಲೆ ಮತ್ತೇನಾಗತೈತ್ರಿ?”

“ಹೆದರಿಸಿ ಕೊಲ್ತೀರೇನು ಮಗಳನ್ನ? ಕಾರ್ಡ್ ಹಾಕೂ ಬದ್ಲಿ ಒಂದ್ಸಲ ಬಂದು ನೋಡಬಾರದೇನ್ರಿ?”

“ಕರೀದ ಬೀಗರ ಮನಿಗೆ ಹೆಂಗ ಬರ್ಲಿ?” ಎಂದಳು. “ಮೊದಲಿನ ಎರಡೂ ಸಲ ಎಲ್ಲಾ ಮುಗದ ಮ್ಯಾಲ ನನಗ ಗೊತ್ತಾತು. ಈ ಸಲದ್ದೂ ಸೊಲ್ಲಾಪುರದ ಸಂತಿಗೆ ಹೋಗಿ ಬರೂ ಕುಂಭಾರಿ ಮಂದಿ ಹೇಳಿದ್ರು.”

ಜೋಡಿಸಿಕೊಂಡು ಬಂದ ಬೈಗುಳ ಬಿಟ್ಟು, ಅವಳ ಮುಂದೆ ಹಾಕಿದ್ದ ಕಾರ್ಡುಗಳನ್ನು ಆರಿಸಿಕೊಂಡೆ. ನಾವು ಯಾರೂ ಕರೆದಿರಲಿಲ್ಲ. ಅತ್ತೆಗೆ ಬೀಗತಿಯ ನೆನಪಾಗಿರಲಿಲ್ಲ, ಗಂಡಸರಿಗೆ ಅಂಗಡಿಯ ಹೊರತು ಏನೂ ನೆನಪಾಗುವುದಿಲ್ಲ. ಆಕೆಯ ಕಣ್ಣು ನೋಡಿ ನನಗೆ ಅಳು ಬಂತು.

“ಕರಿಯಾಕಂತನ ಬಂದೀನ್ರಿ” ಎಂದೆ.

“ಅತ್ತಿಯವ್ರು ಹೇಳಿ ಕಳಿಸ್ಯಾರೇನು?”

“ಹೂಂನ್ರಿ.”

ಕೇರುತ್ತಿದ್ದ ಮೊರವನ್ನು ಹಾಗೇ ಇಟ್ಟು ಎದ್ದಳು. ಸೀರೆ ಬದಲಿಸಿ, ಬಾಗಿಲಿಗೆ ಬೀಗ ಜಡಿದು, ನನಗಿಂತ ಮುಂಚೆ ಸ್ಟ್ಯಾಂಡಿನ ದಾರಿ ಹಿಡಿದಳು.

ಮನೆಗೆ ಬಂದಾಗ ನೆಗೆಣ್ಣಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾಯಿ ಹಳೆಯ ಹೆಸರು ಹಿಡಿದು ಕೂಗಿದಳು. ಹುಡುಗಿ ತಿರುಗಿ ನೋಡಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಹಾಡುಹಗಲಲ್ಲೇ ನಿದ್ದೆ ಹೋದಳು. ಎಷ್ಟು ದಿನದ ನಿದ್ದೆಯೋ ಅದು. ಮುಂದೆ ಕೂಸು ಹುಟ್ಟಿತು, ಉಳಿಯಿತು. ಆದರೆ ಆ ಮಧ್ಯಾಹ್ನ ನನಗಿದ್ದ ಚಿಂತೆ ಅತ್ತೆಯದೇ.

ಅತ್ತೆ ದೇವರ ಕೋಣೆಯಿಂದ ಹೊರಗೆ ಬಂದರು. “ಯಾರ ಬಂದಾರ?”

“ನೀವ ಹೇಳಿ ಕಳಿಸಿದ್ರಲ್ರಿ ಅತ್ತಿ, ಬೀಗತಿನ್ನ ಕರಕೊಂಡ ಬಾ ಅಂತ” ಎಂದೆ, ಬೀಗತಿಗೂ ಕೇಳುವ ಹಾಗೆ.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಮಲಗಿದ್ದ ಸೊಸೆಯನ್ನು, ಅವಳ ತಲೆಯ ಮೇಲಿದ್ದ ತಾಯಿಯ ಕೈಯನ್ನು ನೋಡಿದರು.

“ಹೌದು, ನಾನ ಹೇಳಿದ್ದೆ” ಎಂದರು. “ಚಾ ಇಡು ಹೋಗು.”